ದಡಕ್ಕೆ ಬಿದ್ದ ಕಡಲಪಾಚಿಯಿಂದ ಗಾಳಿಯ ಜಾಡು ಹಿಡಿಯುವುದು: ಮೈಸೂರು–ಮಂಡ್ಯದವರಿಗೆ ಒಂದು ಮಾರ್ಗದರ್ಶಿ

ದಸರಾ ರಜೆ ಮತ್ತು ಡಿಸೆಂಬರಿನ ಶಾಲಾ ಪ್ರವಾಸಗಳು ಮುಗಿದ ಮೇಲೆ ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ ಕಡೆಯ ಶಿಕ್ಷಕರಿಂದಲೂ ಪೋಷಕರಿಂದಲೂ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ. ಗೋಕರ್ಣದಲ್ಲೋ ಕಾಪುವಿನಲ್ಲೋ ರಾಮೇಶ್ವರದಲ್ಲೋ ಮರಳಿನ ಮೇಲೆ ಕಂದು, ಹಸಿರು ಪಾಚಿಯ ರಾಶಿ ಬಿದ್ದಿತ್ತು. ಹಿಂದಿನ ವರ್ಷ ಅದೇ ಜಾಗದಲ್ಲಿ ಏನೂ ಇರಲಿಲ್ಲ. ಗಾಳಿ ತಂದು ಹಾಕಿತೆಂದು ಅಲ್ಲಿಯವರು ಹೇಳಿದರು. ಇದು ನಿಜವೇ, ಮಕ್ಕಳ ಕೈಯಲ್ಲಿ ಇದನ್ನು ಪರೀಕ್ಷಿಸಿ ನೋಡಿಸುವುದು ಹೇಗೆ? ಮಂಡ್ಯ ಕಡೆಯ ರೈತರು ಇದರ ಜೊತೆಗೆ ಇನ್ನೊಂದನ್ನು ಕೇಳುತ್ತಾರೆ: ಆ ಪಾಚಿಯನ್ನು ತಂದು ಗದ್ದೆಗೆ ಹಾಕಬಹುದೇ?

ಗಾಳಿ ತಂದಿತು ಎನ್ನುವ ಮಾತಿನಲ್ಲಿ ಅರ್ಧದಷ್ಟು ಸತ್ಯವಿದೆ. ಪಾಚಿ ದಡ ಸೇರಬೇಕಾದರೆ ಅದು ಮೊದಲು ಬಂಡೆಯಿಂದ ಕಿತ್ತುಬರಬೇಕು, ಆಮೇಲೆ ನೀರಿನಲ್ಲಿ ಸಾಗಿಬರಬೇಕು, ಕೊನೆಗೆ ಮರಳಿನ ಮೇಲೆ ಉಳಿದುಕೊಳ್ಳಬೇಕು. ಕೀಳುವುದು ಹೆಚ್ಚಾಗಿ ಅಲೆಯ ಕೆಲಸ, ಸಾಗಿಸುವುದು ಗಾಳಿ ಮತ್ತು ಪ್ರವಾಹಗಳ ಕೆಲಸ, ಉಳಿಸುವುದು ಉಬ್ಬರವಿಳಿತದ ಕೆಲಸ. ಈ ಮೂರನ್ನೂ ಪ್ರತ್ಯೇಕವಾಗಿ ಬರೆದುಕೊಂಡಾಗ ಮಾತ್ರ ಗಾಳಿಯ ಪಾಲು ಎಷ್ಟೆಂದು ತಿಳಿಯುತ್ತದೆ. ಕೆಳಗಿನ ಹಂತಗಳನ್ನೆಲ್ಲ ಆ ಉದ್ದೇಶದಿಂದಲೇ ಜೋಡಿಸಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಹಾಳೆ ಉದುರದಂತೆ ಹೊಲಿದ ಒಂದು ನೋಟ್‌ಬುಕ್, ಪೆನ್ಸಿಲ್ (ಪೆನ್ನಿನ ಶಾಯಿ ಉಪ್ಪುನೀರಿಗೆ ಹರಡುತ್ತದೆ), 30 ಅಥವಾ 50 ಮೀಟರಿನ ಅಳತೆಪಟ್ಟಿ, ಒಂದು ಸ್ಕೇಲು, ದಿಕ್ಸೂಚಿ, ರಬ್ಬರ್ ಕೈಗವಸು, ಕ್ಯಾಮೆರಾ ಇರುವ ಫೋನು ಸಾಕು. ಫೋನಿನಲ್ಲಿರುವ ದಿಕ್ಸೂಚಿಯನ್ನು ನಂಬುವ ಮೊದಲು, ಸೂರ್ಯ ಮುಳುಗುವ ದಿಕ್ಕಿಗೆ ಅದನ್ನು ಒಮ್ಮೆ ಹೋಲಿಸಿ ನೋಡಿ.

ಹಂತ 1: ದಿಕ್ಕುಗಳ ಹೆಸರನ್ನು ಸರಿಪಡಿಸಿಕೊಳ್ಳಿ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ ಆದ್ದರಿಂದ ಇದನ್ನು ಮೊದಲಿಗೇ ಹೇಳುತ್ತೇನೆ. ಗಾಳಿಗೆ ಅದು ಯಾವ ಕಡೆಯಿಂದ ಬರುತ್ತದೆಯೋ ಆ ದಿಕ್ಕಿನ ಹೆಸರು. ನೀರಿನ ಪ್ರವಾಹಕ್ಕೆ ಅದು ಯಾವ ಕಡೆಗೆ ಹೋಗುತ್ತದೆಯೋ ಆ ದಿಕ್ಕಿನ ಹೆಸರು. ಪಶ್ಚಿಮದ ಗಾಳಿ ಎಂದರೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದು; ಪಶ್ಚಿಮದ ಪ್ರವಾಹ ಎಂದರೆ ಪಶ್ಚಿಮಕ್ಕೆ ಹರಿಯುವುದು. ನಾನು ಮೊದಲ ಸಲ ಟಿಪ್ಪಣಿ ಮಾಡಿದಾಗ ಎರಡಕ್ಕೂ ಒಂದೇ ಕ್ರಮ ಹಿಡಿದಿದ್ದರಿಂದ ಆ ಪುಟಗಳನ್ನೆಲ್ಲ ಕೈಬಿಡಬೇಕಾಯಿತು. ನೋಟ್‌ಬುಕ್ಕಿನಲ್ಲಿ ಪ್ರತಿ ದಿಕ್ಕಿನ ಮುಂದೆಯೂ ‘ಇಂದ’ ಅಥವಾ ‘ಗೆ’ ಎಂದು ತಪ್ಪದೆ ಬರೆಯಿರಿ: ‘ಗಾಳಿ ನೈರುತ್ಯದಿಂದ’, ‘ನೀರು ದಕ್ಷಿಣಕ್ಕೆ’.

ವೇಗದ ಮಾನವೂ ಹೀಗೆಯೇ ಗೊಂದಲ ಹುಟ್ಟಿಸುತ್ತದೆ. ಹವಾಮಾನದ ತಾಣಗಳು ಕೆಲವೊಮ್ಮೆ ‘ನಾಟ್’ ಎಂಬ ಮಾನದಲ್ಲಿ ವೇಗ ತೋರಿಸುತ್ತವೆ. ಅದು ನಾವಿಕರು ಬಳಸುವ ಮಾನ, 1 ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಸೆಕೆಂಡಿಗೆ 1 ಮೀಟರ್ ಎಂದರೆ ಗಂಟೆಗೆ 3.6 ಕಿಲೋಮೀಟರ್. ಯಾವುದಾದರೂ ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದರಲ್ಲೇ ಬರೆಯಿರಿ.

ಹಂತ 2: ಊರಿನ ಕೆರೆಯಲ್ಲಿ ಅಭ್ಯಾಸ ಮಾಡಿ

ಸಮುದ್ರ ನಮ್ಮಿಂದ ದೂರ. ಆದರೆ ತೇಲುವ ವಸ್ತುವನ್ನು ಗಾಳಿ ಹೇಗೆ ದಡಕ್ಕೆ ಒತ್ತುತ್ತದೆ ಎಂಬುದನ್ನು ನೋಡಲು ಮೈಸೂರು–ಮಂಡ್ಯದ ಕೆರೆಗಳಿಗಿಂತ ಸುರಕ್ಷಿತವಾದ ಪಾಠಶಾಲೆ ಬೇರೆ ಬೇಕಿಲ್ಲ. ಅಂತರಗಂಗೆ ಎಂದು ಹಲವರು ಕರೆಯುವ, ಊದಿದ ತೊಟ್ಟಿನ ಹಯಸಿಂತ್ ಕಳೆ ಇರುವ ಕೆರೆಯನ್ನು ಗುರುತಿಸಿಕೊಳ್ಳಿ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಅಥವಾ ನೈರುತ್ಯದಿಂದ ಬೀಸುವಾಗ ಬಿಡಿಯಾಗಿ ತೇಲುವ ಕಳೆ ಪೂರ್ವ ಅಥವಾ ಈಶಾನ್ಯದ ದಡಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಹಿಂಗಾರಿನ ಗಾಳಿ ಆರಂಭವಾದ ಮೇಲೆ ಅದೇ ಕಳೆ ಎದುರು ದಡಕ್ಕೆ ಸರಿಯುತ್ತದೆ. ಏರಿಯ ಮೇಲೆ ಒಂದೇ ಜಾಗದಲ್ಲಿ ನಿಂತು, ವಾರಕ್ಕೆ ಎರಡು ದಿನ, ಕಳೆ ಯಾವ ದಡದಲ್ಲಿದೆ ಎಂಬುದನ್ನೂ ಗಾಳಿ ಯಾವ ಕಡೆಯಿಂದ ಎಂಬುದನ್ನೂ ಬರೆಸಿ. ಎರಡು ತಿಂಗಳಲ್ಲಿ ಮಕ್ಕಳಿಗೆ ಗಾಳಿಯ ಕೈವಾಡ ತಾನಾಗಿಯೇ ಕಾಣತೊಡಗುತ್ತದೆ. ಕಳೆ ದಟ್ಟವಾಗಿ ಇಡೀ ಕೆರೆಯನ್ನು ಮುಚ್ಚಿದ್ದರೆ ಅದಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಅಂಥ ಕೆರೆ ಈ ಕೆಲಸಕ್ಕೆ ಬಾರದು.

ಇದಾದ ಮೇಲೆ ಒಂದು ಸಣ್ಣ ಪ್ರಯೋಗ ಮಾಡಿ. ಸಿಪ್ಪೆ ಸಮೇತವಿರುವ ಒಣಗಿದ ತೆಂಗಿನಕಾಯಿಯನ್ನೂ ಸಿಪ್ಪೆ ಸುಲಿಯದ ಒಂದು ಕಿತ್ತಳೆಹಣ್ಣನ್ನೂ ಒಟ್ಟಿಗೆ ನೀರಿಗೆ ಬಿಡಿ. ತೆಂಗಿನಕಾಯಿಯ ಸಾಕಷ್ಟು ಭಾಗ ನೀರಿನ ಮೇಲಿರುತ್ತದೆ, ಕಿತ್ತಳೆಹಣ್ಣು ಬಹುಪಾಲು ಮುಳುಗಿ ತೇಲುತ್ತದೆ. ಸ್ವಲ್ಪ ಹೊತ್ತಿನಲ್ಲೇ ತೆಂಗಿನಕಾಯಿ ಮುಂದಾಗುವುದನ್ನು ನೋಡುತ್ತೀರಿ. ನೀರಿನ ಮೇಲೆ ಚಾಚಿದ ಭಾಗ ಹೆಚ್ಚಿದಷ್ಟೂ ಗಾಳಿಯ ನೇರ ತಳ್ಳುವಿಕೆ ಹೆಚ್ಚು. ಈ ಪರಿಣಾಮವನ್ನು ಇಲ್ಲಿ ‘ಗಾಳಿಹಿಡಿತ’ ಎಂದು ಕರೆಯೋಣ. ಸಮುದ್ರದಲ್ಲಿ ಪಾಚಿಯ ವಿಷಯಕ್ಕೆ ಬಂದಾಗ ಈ ಒಂದು ಪದ ಮತ್ತೆ ಮತ್ತೆ ಬೇಕಾಗುತ್ತದೆ. ಪ್ರಯೋಗಕ್ಕೆ ಥರ್ಮೊಕೋಲ್ ಬಳಸಬೇಡಿ. ಒಮ್ಮೆ ಕೆರೆಗೆ ಸೇರಿದ ಮೇಲೆ ಅದನ್ನು ಹೊರತೆಗೆಯುವವರಿಲ್ಲ.

ಹಂತ 3: ಕಡಲತೀರವನ್ನು ಆರಿಸಿ, ಅದರ ‘ಮುಖ’ ಗುರುತಿಸಿ

ಕರ್ನಾಟಕದ ಕರಾವಳಿ ಸ್ಥೂಲವಾಗಿ ದಕ್ಷಿಣ–ಆಗ್ನೇಯದಿಂದ ಉತ್ತರ–ವಾಯವ್ಯಕ್ಕೆ ಓರೆಯಾಗಿ ಚಾಚಿದೆ. ಅಂದರೆ ಅದರ ಮುಖ ಪಶ್ಚಿಮ–ನೈರುತ್ಯಕ್ಕಿದೆ. ಆದರೆ ಪ್ರತಿಯೊಂದು ತೀರಕ್ಕೂ ತನ್ನದೇ ಆದ ಮುಖವಿರುತ್ತದೆ. ಗೋಕರ್ಣದ ಓಂ ಬೀಚಿನಂತೆ ಗುಡ್ಡದ ಮೂಗುಗಳ ನಡುವೆ ಬಾಗಿದ ಕೊಲ್ಲಿಯಲ್ಲಿ ಒಂದು ತುದಿಗೆ ಗಾಳಿ ನೇರವಾಗಿ ಬಡಿಯುವಾಗ ಇನ್ನೊಂದು ತುದಿ ಮರೆಯಲ್ಲಿರುತ್ತದೆ. ದಡದ ಗೆರೆಗೆ ಬೆನ್ನುಕೊಟ್ಟು ಸಮುದ್ರದ ಕಡೆ ನೇರವಾಗಿ ನಿಂತು ದಿಕ್ಸೂಚಿ ನೋಡಿ; ಅದೇ ಆ ತೀರದ ಮುಖ. ಆ ದಿಕ್ಕಿನಿಂದಲೇ ಗಾಳಿ ಬಂದರೆ ಅದರ ಪೂರ್ತಿ ಬಲ ದಡದ ಕಡೆಗೆ. 45 ಡಿಗ್ರಿ ಓರೆಯಾಗಿ ಬಂದರೆ ಸುಮಾರು 0.7 ಪಾಲು, 60 ಡಿಗ್ರಿ ಓರೆಯಾದರೆ ಅರ್ಧ ಪಾಲು ಮಾತ್ರ. ಪ್ರೌಢಶಾಲೆಯ ಮಕ್ಕಳಿಗೆ ಕೊಸೈನ್ ಏಕೆ ಕಲಿಯಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಹತ್ತಿರದಲ್ಲಿ ಬಂಡೆಗಳಿರುವ ತೀರವನ್ನೇ ಆರಿಸಿ. ನಮ್ಮ ಕಡಲಪಾಚಿಗಳು ಬಹುಮಟ್ಟಿಗೆ ಬಂಡೆಗೆ ಅಂಟಿ ಬೆಳೆಯುವಂಥವು. ಬರಿಯ ಮರಳಿನ ಉದ್ದನೆಯ ತೀರದಲ್ಲಿ ಮೂಲವೇ ದೂರವಿರುವುದರಿಂದ ಲೆಕ್ಕ ಕಷ್ಟವಾಗುತ್ತದೆ. ಉಡುಪಿ ಜಿಲ್ಲೆಯ ಕಾಪು, ಉತ್ತರ ಕನ್ನಡದ ಗೋಕರ್ಣ, ಕಾರವಾರದ ಸುತ್ತಮುತ್ತ ಈ ಕೆಲಸಕ್ಕೆ ಅನುಕೂಲ.

ರಾಮೇಶ್ವರ ಯಾತ್ರೆಗೆ ಹೋಗುವವರು ಅದನ್ನೂ ಬಳಸಿಕೊಳ್ಳಬಹುದು, ಏಕೆಂದರೆ ಗಾಳಿಯ ಪಾತ್ರ ಅಷ್ಟು ನಿಚ್ಚಳವಾಗಿ ಕಾಣುವ ಜಾಗಗಳು ಕಡಿಮೆ. ಮಂಡಪಂ–ಪಾಂಬನ್ ಭಾಗದಲ್ಲಿ ನೆಲ ಕಿರಿದಾದ ಪಟ್ಟಿಯಾಗಿದ್ದು, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ, ಉತ್ತರಕ್ಕೆ ಪಾಕ್ ಕೊಲ್ಲಿ ಇವೆ. ನೈರುತ್ಯ ಮಾನ್ಸೂನಿನಲ್ಲಿ ಮನ್ನಾರ್ ಕಡೆಯ ನೀರು ಕೆರಳುತ್ತದೆ, ಪಾಕ್ ಕಡೆ ಶಾಂತವಾಗಿರುತ್ತದೆ. ಈಶಾನ್ಯ ಮಾನ್ಸೂನಿನಲ್ಲಿ ಇದು ತಿರುವುಮುರುವಾಗುತ್ತದೆ. ಒಂದೇ ದಿನ ಎರಡೂ ದಡಗಳಲ್ಲಿ ನಡೆದು ಪಾಚಿಯನ್ನು ಅಳೆದರೆ ನಿಮ್ಮ ಕೈಗೆ ಒಂದು ಸಿದ್ಧ ಹೋಲಿಕೆ ಸಿಗುತ್ತದೆ. ಆದರೆ ಮನ್ನಾರ್ ಕೊಲ್ಲಿಯ ದ್ವೀಪಗಳು ಸಾಗರ ರಾಷ್ಟ್ರೀಯ ಉದ್ಯಾನದೊಳಗಿವೆ. ಅಲ್ಲಿಂದ ಏನನ್ನೂ ಎತ್ತಿಕೊಳ್ಳಬಾರದು.

ಹಂತ 4: ರಾಶಿಯನ್ನು ಬಿಡಿಸಿ ನೋಡಿ

ಹೆಚ್ಚಿನವರು ರಾಶಿಯ ಒಂದು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನಿಜವಾದ ಸಾಕ್ಷ್ಯವಿರುವುದು ರಾಶಿಯ ಒಳಗೆ. ಕೈಗವಸು ಹಾಕಿಕೊಂಡು ಒಂದು ಬಕೆಟ್ಟಿನಷ್ಟು ಪಾಚಿಯನ್ನು ಹರಡಿ, ಈ ವಿಷಯಗಳನ್ನು ಒಂದೊಂದಾಗಿ ಗಮನಿಸಿ.

ಮೊದಲಿಗೆ ಗಾಳಿಬುಡ್ಡೆ. ಸರ್ಗಾಸಮ್ ಎಂಬ ಕಂದು ಪಾಚಿಯ ರೆಂಬೆಗಳಲ್ಲಿ ಮೆಣಸಿನ ಕಾಳಿನಂಥ ಟೊಳ್ಳು ಗುಳ್ಳೆಗಳಿರುತ್ತವೆ. ಒತ್ತಿದರೆ ಪಟ್ಟೆಂದು ಒಡೆಯುತ್ತವೆ. ಇವುಗಳ ಬಲದಿಂದ ಕಿತ್ತುಬಂದ ಸರ್ಗಾಸಮ್ ನೀರಿನ ಮೇಲ್ಮೈಯಲ್ಲಿ ತೇಲುತ್ತದೆ ಮತ್ತು ಗಾಳಿಯ ಹಿಡಿತಕ್ಕೆ ಸಿಗುತ್ತದೆ. ಗ್ರಾಸಿಲೇರಿಯಾದಂಥ ಕೆಂಪು ಪಾಚಿಗಳಿಗೆ, ಬೀಸಣಿಗೆಯಾಕಾರದ ಪಡೀನಾಕ್ಕೆ ಇಂಥ ಬುಡ್ಡೆಗಳಿಲ್ಲ. ಅವು ಕಿತ್ತುಬಂದ ಮೇಲೆ ಹೆಚ್ಚಾಗಿ ತಳದ ಹತ್ತಿರ ಉರುಳುತ್ತಾ ಅಲೆಗಳ ಜೊತೆ ದಡಕ್ಕೆ ಬರುತ್ತವೆ. ಆದ್ದರಿಂದ ಬುಡ್ಡೆಯುಳ್ಳ ಪಾಚಿ ಹೆಚ್ಚಿರುವ ರಾಶಿ ಗಾಳಿಯ ಕಡೆಗೆ ಬೊಟ್ಟು ಮಾಡುತ್ತದೆ, ಬುಡ್ಡೆಯಿಲ್ಲದ್ದು ಹೆಚ್ಚಿರುವ ರಾಶಿ ಅಲೆಯ ಕಡೆಗೆ. ಎರಡರ ಪಾಲನ್ನು ಕಣ್ಣಂದಾಜಿನಲ್ಲಿ ‘ಹತ್ತರಲ್ಲಿ ಎಷ್ಟು’ ಎಂದು ಬರೆದುಕೊಳ್ಳಿ. ಈ ಒಂದು ಅಂಕಿ ನಿಮ್ಮ ಇಡೀ ದಾಖಲೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಎಂದು ನನ್ನ ಅಭಿಪ್ರಾಯ.

ಎರಡನೆಯದು ಬುಡ. ಪಾಚಿಗೆ ಬೇರಿಲ್ಲ, ಬಂಡೆಗೆ ಕಚ್ಚಿಕೊಳ್ಳುವ ತಟ್ಟೆಯಂಥ ಹಿಡಿಗಚ್ಚು ಇರುತ್ತದೆ. ಅದು ಪೂರ್ತಿಯಾಗಿ, ಕೆಲವೊಮ್ಮೆ ಕಲ್ಲುಚೂರಿನ ಸಮೇತ ಬಂದಿದ್ದರೆ ಬಿರುಸಾದ ಅಲೆ ಬುಡದಿಂದಲೇ ಕಿತ್ತಿದೆ ಎಂದು ತಿಳಿಯಬಹುದು. ಬರಿಯ ರೆಂಬೆಯ ತುಂಡುಗಳೇ ಇದ್ದರೆ ಪಾಚಿ ತನ್ನ ಬೆಳವಣಿಗೆಯ ಕೊನೆಗೆ ಬಂದು ಮುರಿದಿರುವ ಸಾಧ್ಯತೆಯೂ ಇದೆ.

ಮೂರನೆಯದು ತಾಜಾತನ. ಒದ್ದೆಯಾಗಿ ಹೊಂಗಂದು ಬಣ್ಣದಲ್ಲಿರುವ ಸರ್ಗಾಸಮ್ ಇತ್ತೀಚಿನದು. ಕಪ್ಪಾಗಿ ಗರಿಗರಿಯಾದದ್ದು ಹಳೆಯದು. ಅಲ್ವಾ ಎಂಬ ತೆಳು ಹಸಿರು ಪಾಚಿ ಬಿಸಿಲಿಗೆ ಬೇಗ ಬಿಳಿಚಿಕೊಳ್ಳುತ್ತದೆ. ರೆಂಬೆಗಳ ಮೇಲೆ ಕಾಂಡವುಳ್ಳ ಸಣ್ಣ ಚಿಪ್ಪುಜೀವಿಗಳು ಅಂಟಿಕೊಂಡಿದ್ದರೆ ಆ ಪಾಚಿ ಬಹಳ ದಿನ ಸಮುದ್ರದಲ್ಲಿ ತೇಲಿದೆ ಎಂದರ್ಥ. ಅಂಥ ರಾಶಿಗೆ ಇಂದಿನ ಗಾಳಿಯನ್ನು ಹೊಣೆ ಮಾಡುವುದು ತಪ್ಪು.

ಕೊನೆಯದಾಗಿ, ಅದು ಕಡಲಪಾಚಿಯೇ ಎಂದು ಖಚಿತಪಡಿಸಿಕೊಳ್ಳಿ. ಮಳೆಗಾಲದಲ್ಲಿ ನದಿಗಳು ಹಯಸಿಂತ್ ಕಳೆಯನ್ನು ಸಮುದ್ರಕ್ಕೆ ನೂಕುತ್ತವೆ. ಅದು ಉಪ್ಪುನೀರಿನಲ್ಲಿ ಸತ್ತು ಕಂದು ಮುದ್ದೆಯಾಗಿ ದಡಕ್ಕೆ ಬಿದ್ದಾಗ ದೂರದಿಂದ ಪಾಚಿಯಂತೆಯೇ ಕಾಣುತ್ತದೆ. ನಾರುಬೇರು ಇದ್ದರೆ ಅದು ಪಾಚಿಯಲ್ಲ. ಪಶ್ಚಿಮ ಕರಾವಳಿಯಲ್ಲಿ ಮಾನ್ಸೂನ್ ಹೊತ್ತಿಗೆ ಟಾರಿನ ಉಂಡೆಗಳೂ ಬರುತ್ತವೆ; ಅವು ಕಂಡರೆ ಪ್ರತ್ಯೇಕವಾಗಿ ಬರೆಯಿರಿ, ಏಕೆಂದರೆ ಅವೂ ಗಾಳಿ–ಪ್ರವಾಹಗಳ ಸಾಕ್ಷಿಗಳೇ.

ಹಂತ 5: ಅಳತೆ

ದಡದುದ್ದಕ್ಕೆ 100 ಮೀಟರ್ ಗುರುತಿಸಿ, ಪ್ರತಿ 10 ಮೀಟರಿಗೆ ನಿಂತು ಪಾಚಿಪಟ್ಟಿಯ ಅಗಲವನ್ನೂ ದಪ್ಪವನ್ನೂ ಅಳೆಯಿರಿ. ಸರಾಸರಿ ಅಗಲ 1.5 ಮೀಟರ್, ಸರಾಸರಿ ದಪ್ಪ 8 ಸೆಂಟಿಮೀಟರ್ ಆದರೆ 100 × 1.5 × 0.08, ಅಂದರೆ 12 ಘನ ಮೀಟರ್. ಎರಡು ಮೂರು ಪಟ್ಟಿಗಳಿದ್ದರೆ ಬೇರೆ ಬೇರೆಯಾಗಿ ಅಳೆಯಬೇಕು: ನೀರಿಗೆ ಹತ್ತಿರದ್ದು ಕಳೆದ ಉಬ್ಬರದಲ್ಲಿ ಬಂದದ್ದು, ಎಲ್ಲಕ್ಕಿಂತ ಮೇಲಿನದು ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಉಬ್ಬರದ್ದೋ ಬಿರುಗಾಳಿಯದ್ದೋ ಆಗಿರುತ್ತದೆ. ಕರಾವಳಿಯವರು ಉಬ್ಬರವನ್ನು ಭರತ ಎನ್ನುತ್ತಾರೆ. ಅವರನ್ನು ಕೇಳುವಾಗ ಆ ಮಾತನ್ನೇ ಬಳಸಿ. ತಿಥಿಯನ್ನು ಪಂಚಾಂಗ ನೋಡಿ ಬರೆದುಕೊಳ್ಳುವುದನ್ನು ಮರೆಯಬೇಡಿ, ಇಲ್ಲವಾದರೆ ಚಂದ್ರನ ಕೆಲಸವನ್ನು ಗಾಳಿಯ ಲೆಕ್ಕಕ್ಕೆ ಹಾಕಿಬಿಡುತ್ತೀರಿ.

ಪ್ರವಾಸಿಗರು ಬರುವ ತೀರಗಳನ್ನು ಬೆಳಿಗ್ಗೆಯೇ ಗುಡಿಸುವುದುಂಟು. ಅಲ್ಲಿ ರಾಶಿ ಕಾಣದಿದ್ದರೆ ಪಾಚಿ ಬೀಳಲಿಲ್ಲ ಎಂದು ತೀರ್ಮಾನಿಸದೆ, ಗುಡಿಸುವವರನ್ನು ಕೇಳಿ ತಿಳಿಯಿರಿ.

ಹಂತ 6: ಗಾಳಿಯ ದಾಖಲೆ ಸೇರಿಸಿ

ಮನೆಗೆ ಬಂದ ಮೇಲೆ ಮಾಡುವ ಕೆಲಸ ಇದು. ಇಲ್ಲಿ ಎರಡು ಎಚ್ಚರಿಕೆಗಳು ಮುಖ್ಯ. ಒಂದು, ಮೈಸೂರಿನ ಗಾಳಿ ಕರಾವಳಿಯ ಗಾಳಿಯಲ್ಲ. ನಡುವೆ ಪಶ್ಚಿಮ ಘಟ್ಟವಿದೆ. ಫೋನು ತೋರಿಸುವ ನಿಮ್ಮೂರಿನ ಗಾಳಿಯನ್ನು ಬರೆದುಕೊಂಡರೆ ಅದರಿಂದ ಪ್ರಯೋಜನವಿಲ್ಲ. ಎರಡು, ರಾಶಿ ಕಂಡ ದಿನದ ಗಾಳಿ ಮಾತ್ರ ಸಾಲದು. ಅದರ ಹಿಂದಿನ 10 ದಿನಗಳದ್ದೂ ಬೇಕು.

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, ಅಂದರೆ ಇನ್‌ಕಾಯ್ಸ್, ಸಮುದ್ರದ ಅಲೆ, ಗಾಳಿ, ಪ್ರವಾಹಗಳ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಪ್ರವಾಸಕ್ಕೆ ಮುಂಚಿನ ವಾರದಿಂದಲೇ ಅದನ್ನು ದಿನವೂ ಬರೆದಿಟ್ಟುಕೊಳ್ಳಿ. ಹಿಂದಿನ ದಿನಾಂಕಗಳ ಗಾಳಿ ಬೇಕಾದರೆ ‘ಅರ್ತ್ ನಲ್‌ಸ್ಕೂಲ್’ ತಾಣದಲ್ಲಿ ದಿನಾಂಕ ಬದಲಿಸಿ ಸಮುದ್ರದ ಮೇಲಿನ ಬಿಂದುವನ್ನು ಒತ್ತಿದರೆ ದಿಕ್ಕು, ವೇಗ ಎರಡೂ ಕಾಣುತ್ತವೆ. ಕಾಲೇಜಿನವರು ಯುರೋಪಿನ ‘ಇಆರ್‌ಎ5’ ದತ್ತಾಂಶವನ್ನು ಬಳಸಬಹುದು. ಇದು 1940ರಿಂದ ಇತ್ತೀಚಿನವರೆಗೆ ಗಂಟೆಗಂಟೆಯ ಗಾಳಿಯನ್ನು ಸುಮಾರು 31 ಕಿಲೋಮೀಟರಿನ ಚೌಕಗಳಲ್ಲಿ ಪುನರ್ರಚಿಸಿದ ದಾಖಲೆ. ಚೌಕ ಅಷ್ಟು ದೊಡ್ಡದಾದ್ದರಿಂದ ಗುಡ್ಡದ ಮರೆಯ ಸಣ್ಣ ಕೊಲ್ಲಿಯ ಗಾಳಿ ಅದರಲ್ಲಿ ಕಾಣದು. ಆದ್ದರಿಂದ ದಡದಲ್ಲಿದ್ದಾಗ ನೀವೇ ಕಂಡ ಗಾಳಿಯನ್ನು ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತೂ ಬರೆಯಿರಿ. ಚಳಿಗಾಲದಲ್ಲಿ ಬೆಳಗಿನ ಗಾಳಿ ನೆಲದಿಂದ ಕಡಲಿಗೂ ಮಧ್ಯಾಹ್ನದ ಗಾಳಿ ಕಡಲಿಂದ ನೆಲಕ್ಕೂ ಬೀಸುವುದು ಸಾಮಾನ್ಯ. ದಿನಕ್ಕೊಂದೇ ಅಂಕಿ ಬರೆದರೆ ಈ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ.

ಹಂತ 7: ಲೆಕ್ಕ ಹಾಕಿ, ಹೋಲಿಸಿ

ಮೇಲ್ಮೈಯಲ್ಲಿ ತೇಲುವ ವಸ್ತು ಗಾಳಿಯ ವೇಗದ ಸುಮಾರು 1ರಿಂದ 3 ಶೇಕಡಾದಷ್ಟು ವೇಗದಲ್ಲಿ ಸಾಗುತ್ತದೆ ಎಂಬುದು ಬಳಕೆಯಲ್ಲಿರುವ ಅಂದಾಜು. ಗಾಳಿ ಸೆಕೆಂಡಿಗೆ 8 ಮೀಟರ್, ಅಂದರೆ ಗಂಟೆಗೆ 28.8 ಕಿಲೋಮೀಟರ್ ಇದ್ದರೆ, 3 ಶೇಕಡಾದಂತೆ ದಿನಕ್ಕೆ ಸುಮಾರು 20.7 ಕಿಲೋಮೀಟರ್, 1 ಶೇಕಡಾದಂತೆ ಸುಮಾರು 6.9 ಕಿಲೋಮೀಟರ್. ಗಾಳಿ 60 ಡಿಗ್ರಿ ಓರೆಯಿದ್ದರೆ ದಡದ ಕಡೆಗಿನ ಚಲನೆ ಇದರ ಅರ್ಧ. ಹತ್ತಿರದ ಬಂಡೆಯಿಂದ ದಡಕ್ಕೆ ಬರಲು ಕೆಲವು ಗಂಟೆಗಳೇ ಸಾಕು, ದೂರದ ದ್ವೀಪದಿಂದಾದರೆ ದಿನಗಳು ಬೇಕು ಎಂಬುದು ಈ ಸರಳ ಗುಣಾಕಾರದಿಂದಲೇ ಗೊತ್ತಾಗುತ್ತದೆ.

ಕೆರೆಯಲ್ಲಿ ಕಾಣದ ಒಂದು ಸಂಗತಿ ಇಲ್ಲಿ ಸೇರಿಕೊಳ್ಳುತ್ತದೆ. ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿ ಎಳೆದ ನೀರು ಗಾಳಿಯ ಬಲಗಡೆಗೆ ವಾಲುತ್ತದೆ. ಫ್ರಾಮ್ ಹಡಗಿನ ಉತ್ತರಧ್ರುವ ಯಾನದಲ್ಲಿ ಮಂಜುಗಡ್ಡೆಗಳು ಹೀಗೆ ಬಲಕ್ಕೆ ಸರಿಯುವುದನ್ನು ನಾರ್ವೆಯ ಅನ್ವೇಷಕ ನಾನ್ಸೆನ್ ಗಮನಿಸಿದ್ದರು. ಸ್ವೀಡನ್ನಿನ ಸಾಗರವಿಜ್ಞಾನಿ ಎಕ್ಮನ್ 1905ರಲ್ಲಿ ಇದರ ಗಣಿತವನ್ನು ವಿವರಿಸಿದರು. ನಮ್ಮ ಕರಾವಳಿಯಲ್ಲಿ ವಾಯವ್ಯದಿಂದ ಗಾಳಿ ಬೀಸಿದಾಗ ಅದರ ಬಲಗಡೆ ಎಂದರೆ ತೆರೆದ ಸಮುದ್ರ. ಆಗ ಮೇಲಿನ ನೀರು ದಡದಿಂದ ದೂರ ಸರಿದು, ತಂಪಾದ ತಳದ ನೀರು ಮೇಲೇರುತ್ತದೆ. ಗಾಳಿ ಜೋರಾಗಿದ್ದರೂ ರಾಶಿ ಬೀಳದ ದಿನಗಳಿಗೆ ಇದೊಂದು ಕಾರಣ. ಅಂಥ ದಿನಗಳನ್ನು ‘ತಪ್ಪು ಲೆಕ್ಕ’ ಎಂದು ಹೊಡೆದುಹಾಕಬೇಡಿ.

ನೀರಿನ ಮೇಲೆ ಪಾಚಿ ಉದ್ದುದ್ದ ಸಾಲುಗಳಾಗಿ ನಿಂತಿರುವುದು ಕಂಡರೆ ಆ ಸಾಲುಗಳ ದಿಕ್ಕನ್ನೂ ಬರೆಯಿರಿ. ರಸಾಯನಶಾಸ್ತ್ರಜ್ಞ ಅರ್ವಿಂಗ್ ಲ್ಯಾಂಗ್‌ಮ್ಯೂರ್ 1927ರಲ್ಲಿ ಅಟ್ಲಾಂಟಿಕ್ ದಾಟುವಾಗ ಸರ್ಗಾಸಮ್ಮಿನ ಇಂಥ ಸಾಲುಗಳನ್ನು ಕಂಡು, ಗಾಳಿಯಿಂದ ನೀರಿನೊಳಗೆ ಏಳುವ ಜೋಡಿ ಸುರುಳಿಗಳೇ ಇದಕ್ಕೆ ಕಾರಣವೆಂದು 1938ರಲ್ಲಿ ವಿವರಿಸಿದರು. ಸಾಲು ಹೆಚ್ಚುಕಡಿಮೆ ಗಾಳಿಯ ದಿಕ್ಕಿನಲ್ಲೇ ಇರುತ್ತದೆ.

ಹೋಲಿಕೆಗೆ ಮುನ್ನ ಒಂದು ಮಾತು. ನಮ್ಮ ಶಾಲೆಗಳು ಕಡಲಿಗೆ ಹೋಗುವುದು ಅಕ್ಟೋಬರ್ ಮತ್ತು ಡಿಸೆಂಬರಿನಲ್ಲಿ. ಪಾಚಿ ಬಂಡೆಗಳ ಮೇಲೆ ಚೆನ್ನಾಗಿ ಬೆಳೆಯುವುದು ಮಳೆಗಾಲ ಕಳೆದ ಮೇಲೆ. ಮುಂಗಾರಿನ ಅಲೆಗಳು ಅದನ್ನು ಕಿತ್ತುಹಾಕುತ್ತವೆ. ರಜೆಯ ದಾಖಲೆ ಮಾತ್ರ ಇದ್ದರೆ ವರ್ಷದ ಅತ್ಯಂತ ಮುಖ್ಯವಾದ ತಿಂಗಳುಗಳೇ ಬಿಟ್ಟುಹೋಗುತ್ತವೆ. ಕರಾವಳಿಯ ಒಂದು ಶಾಲೆಯ ಜೊತೆ ಒಡಂಬಡಿಕೆ ಮಾಡಿಕೊಂಡು, ಅವರು ತಿಂಗಳಿಗೆರಡು ಬಾರಿ ಅಳೆಯುವಂತೆ, ನೀವು ಗಾಳಿಯ ದಾಖಲೆ ನಿರ್ವಹಿಸುವಂತೆ ಕೆಲಸ ಹಂಚಿಕೊಳ್ಳಿ. ಪಾಚಿ ಇಲ್ಲದ ದಿನ ‘ಸೊನ್ನೆ’ ಎಂದು ಬರೆಯಲೇಬೇಕು. ಕಡಿಮೆಯೆಂದರೂ ಒಂದು ಪೂರ್ತಿ ವರ್ಷ ಕಳೆಯುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಕೆರಿಬಿಯನ್ನಿನ ವಿವರಣೆಯನ್ನು ಇಲ್ಲಿಗೆ ತರಬೇಡಿ

ಅಂತರಜಾಲದಲ್ಲಿ ಹುಡುಕಿದವರಿಗೆ ಮೊದಲು ಸಿಗುವುದು ಕೆರಿಬಿಯನ್ ದ್ವೀಪಗಳ ಚಿತ್ರಗಳು. ಅಲ್ಲಿಯ ಸರ್ಗಾಸಮ್ ನಾಟನ್ಸ್ ಮತ್ತು ಸರ್ಗಾಸಮ್ ಫ್ಲೂಯಿಟನ್ಸ್ ಎಂಬ ಜಾತಿಗಳು ಬಂಡೆಗೆ ಅಂಟುವುದೇ ಇಲ್ಲ. ಇಡೀ ಬಾಳನ್ನು ತೇಲುತ್ತಲೇ ಕಳೆಯುತ್ತವೆ. 2011ರಿಂದ ಅವು ಭಾರಿ ಪ್ರಮಾಣದಲ್ಲಿ ಕೆರಿಬಿಯನ್ ಮತ್ತು ಪಶ್ಚಿಮ ಆಫ್ರಿಕಾದ ದಡಗಳಿಗೆ ಬೀಳುತ್ತಿವೆ. 2018ರ ಜೂನ್‌ನಲ್ಲಿ ಆಫ್ರಿಕಾದಿಂದ ಮೆಕ್ಸಿಕೊ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ 2 ಕೋಟಿ ಟನ್ನಿಗಿಂತ ಹೆಚ್ಚು ಪಾಚಿ ಇತ್ತೆಂದು ಉಪಗ್ರಹ ಚಿತ್ರಗಳಿಂದ ಅಂದಾಜಿಸಲಾಯಿತು. 2009–10ರ ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಗಾಳಿ ಅಸಹಜವಾಗಿ ಬದಲಾಗಿ ಈ ಪಾಚಿಯನ್ನು ಅದರ ಹಳೆಯ ನೆಲೆಯಿಂದ ಹೊರದಬ್ಬಿರಬಹುದೆಂಬುದು ವಿಜ್ಞಾನಿಗಳು ಮುಂದಿಟ್ಟಿರುವ ಒಂದು ವಿವರಣೆ. ನಮ್ಮ ಕರಾವಳಿಯ ಸರ್ಗಾಸಮ್ ಬೇರೆ ಜಾತಿಗಳದ್ದು, ಬಂಡೆಯಲ್ಲಿ ಬೆಳೆದದ್ದು. ಹೆಸರು ಒಂದೇ ಎಂಬ ಕಾರಣಕ್ಕೆ ಕಥೆಯನ್ನೂ ಒಂದೇ ಎಂದುಕೊಳ್ಳಬಾರದು.

ಸುರಕ್ಷತೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ನೀರಿನ ಅಂಚಿಗೆ ಕರೆದೊಯ್ಯಬೇಡಿ, ಜೀವರಕ್ಷಕರ ಮಾತನ್ನು ಮೀರಬೇಡಿ. ಪಾಚಿ ಕಟ್ಟಿದ ಒದ್ದೆ ಬಂಡೆ ಎಲ್ಲ ಕಾಲದಲ್ಲೂ ಜಾರುತ್ತದೆ. ರಾಶಿಯಲ್ಲಿ ನೀಲಿ ಬಲೂನಿನಂಥ ಜೀವಿ ಕಂಡರೆ ಮುಟ್ಟಬಾರದು. ಸತ್ತ ಮೇಲೂ ಅದರ ಎಳೆಗಳು ಕುಟುಕುತ್ತವೆ. ಕೊಳೆತ ದಪ್ಪ ರಾಶಿಯಿಂದ ಹೈಡ್ರೊಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ, ಹೊರಬರುತ್ತದೆ. ಆಸ್ತಮಾ ಇರುವ ಮಕ್ಕಳನ್ನು ಅಂಥ ರಾಶಿಯಿಂದ ದೂರವಿಡಿ. ಬಂಡೆಯ ಮೇಲೆ ಜೀವಂತವಾಗಿರುವ ಪಾಚಿಯನ್ನು ಯಾರೂ ಕೀಳಬಾರದು, ಬಿಡಿಸಿ ನೋಡಿದ ರಾಶಿಯನ್ನು ಇದ್ದಲ್ಲಿಯೇ ಬಿಡಬೇಕು. ಏಡಿಗಳೂ ಮರಳುಹುಳುಗಳೂ ದಡದ ಹಕ್ಕಿಗಳೂ ಅದರ ಮೇಲೆ ಬದುಕುತ್ತವೆ.

ಗದ್ದೆಗೆ ಹಾಕಬಹುದೇ?

ದಡದಿಂದ ಎತ್ತಿ ತಂದ ಪಾಚಿಯನ್ನು ನೇರವಾಗಿ ಹಾಕಬೇಡಿ ಎಂಬುದೇ ನನ್ನ ಉತ್ತರ. ಅದರಲ್ಲಿ ಪೊಟ್ಯಾಷ್ ಇದೆ ಎಂಬುದು ನಿಜ, ಆದರೆ ಜೊತೆಗೆ ಉಪ್ಪೂ ಇದೆ. ಸರ್ಗಾಸಮ್ ಆರ್ಸೆನಿಕ್ ಎಂಬ ವಿಷಧಾತುವನ್ನೂ ಹೀರಿಟ್ಟುಕೊಳ್ಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕಟ್ಟಿ ಚೌಳಾಗಿರುವ ಮಂಡ್ಯದ ತಗ್ಗು ಗದ್ದೆಗಳಿಗೆ ಇನ್ನಷ್ಟು ಉಪ್ಪು ಸೇರಿಸುವುದು ಕಬ್ಬಿಗೂ ಭತ್ತಕ್ಕೂ ಕೇಡು. ಪಾಚಿಯ ಸಾರವನ್ನು ಬಳಸಲೇಬೇಕೆಂದರೆ, ಬೆಳೆಸಿದ ಕಪ್ಪಾಫೈಕಸ್ ಎಂಬ ಕೆಂಪು ಕಡಲಪಾಚಿಯಿಂದ ತಯಾರಿಸಿ, ಡಬ್ಬಿಯ ಮೇಲೆ ಪ್ರಮಾಣವನ್ನು ನಮೂದಿಸಿರುವ ದ್ರವವನ್ನು ಕೊಳ್ಳಿ. ಅದಕ್ಕೂ ಮೊದಲು ನಿಮ್ಮ ಗದ್ದೆಯ ಮಣ್ಣನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆಗೆ ಕೊಟ್ಟು, ಲವಣಾಂಶ ಎಷ್ಟಿದೆ ಎಂಬ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ.